ಒಂದೇ ಹೊಳ್ಳೆಯಿಂದ ಸಿಂಬಳ, ಜೊತೆಗೆ ಗಬ್ಬು ವಾಸನೆ: ಯಾಕೆ?

ಪ್ರಶ್ನೆ: ನನ್ನ ಮಗಳಿಗೆ ಮೂರು ವರ್ಷ. ಎರಡು ವಾರದಿಂದ ಬಲಗಡೆ ಹೊಳ್ಳೆಯಿಂದ ಮಾತ್ರ ಸಿಂಬಳ ಸುರಿಯುತ್ತಿದೆ. ಹತ್ತಿರ ಹೋದರೆ ಗಬ್ಬು ವಾಸನೆ. ನೆಗಡಿ ಔಷಧಿಗೂ ಬಗ್ಗಿಲ್ಲ. ಏನಿರಬಹುದು?

ಉತ್ತರ: ಮೂಗಿನೊಳಗೆ ಏನೋ ಸಿಕ್ಕಿಕೊಂಡಿರಬಹುದು. ನೆಗಡಿಯಾದರೆ ಸಾಮಾನ್ಯವಾಗಿ ಎರಡೂ ಹೊಳ್ಳೆ ಸೋರುತ್ತವೆ. ಪುಟ್ಟ ಮಕ್ಕಳಿಗೆ ಒಂದೇ ಕಡೆ ಸೋರಿ, ವಾಸನೆಯೂ ಬಂದರೆ ಇಎನ್‌ಟಿ ಡಾಕ್ಟರ್ ಮೊದಲು ಹುಡುಕುವುದು ಇದನ್ನೇ. ಮಣಿ, ಕಾಳು, ಸ್ಪಂಜಿನ ಚೂರು, ಕಾಗದದ ಉಂಡೆ, ಏನು ಬೇಕಾದರೂ ಇರಬಹುದು. ಹಾಕಿಕೊಂಡಿದ್ದನ್ನು ಮಗು ಹೇಳುವುದಿಲ್ಲ. ಬೈಗುಳದ ಭಯ, ಇಲ್ಲವೇ ಮರೆತೇ ಹೋಗಿರುತ್ತದೆ. ದಯವಿಟ್ಟು ಬೈಯಬೇಡಿ.

ಆಂಟಿಬಯೋಟಿಕ್ ಕೊಟ್ಟರೆ ನಾಲ್ಕು ದಿನ ವಾಸನೆ ಕಡಿಮೆಯಾಗಬಹುದು. ಒಳಗಿನ ವಸ್ತು ಮಾತ್ರ ಅಲ್ಲೇ ಇರುತ್ತದೆ, ಅಲ್ವಾ? ಅದನ್ನು ತೆಗೆಯುವುದೇ ಚಿಕಿತ್ಸೆ.

ನೀವೇ ಚಿಮಟ ಹಾಕಲು ಹೋಗಬೇಡಿ. ದುಂಡಗಿನ ಮಣಿ ಚಿಮಟದಿಂದ ಜಾರಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಡಾಕ್ಟರ್ ಸಣ್ಣ ಕೊಕ್ಕೆಯನ್ನು ಮಣಿಯ ಹಿಂದಕ್ಕೆ ದಾಟಿಸಿ ಮುಂದಕ್ಕೆ ಎಳೆಯುತ್ತಾರೆ. ಇನ್ನೊಂದು ಚಂದದ ಉಪಾಯವೂ ಇದೆ, 'ತಾಯಿಯ ಮುತ್ತು' ಅಂತ ಅದರ ಹೆಸರು. ಅಮ್ಮ ಮಗುವಿನ ಬಾಯಿಗೆ ಬಾಯಿಟ್ಟು, ಸರಿಯಿರುವ ಹೊಳ್ಳೆಯನ್ನು ಬೆರಳಿಂದ ಮುಚ್ಚಿ, ಒಮ್ಮೆ ಚುರುಕಾಗಿ ಊದುತ್ತಾಳೆ. ಗಾಳಿ ಹಿಂದಿನಿಂದ ಬಂದು ವಸ್ತುವನ್ನು ಹೊರಗೆ ತಳ್ಳುತ್ತದೆ. ಹತ್ತರಲ್ಲಿ ಸುಮಾರು ಆರು ಮಕ್ಕಳಿಗೆ ಇದು ಫಲಿಸಿದೆ. ಆದರೆ ಡಾಕ್ಟರ್ ಎದುರಿಗೇ ಮಾಡಿ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಬಟನ್ ಸೆಲ್. ರಿಮೋಟ್‌ನಲ್ಲಿ, ಆಟದ ಸಾಮಾನಿನಲ್ಲಿ ಇರುತ್ತದಲ್ಲ, ಅದು. ಮೂಗಿನ ತೇವ ತಗುಲಿದರೆ ಸಾಕು, ವಿದ್ಯುತ್ ಹರಿದು ಸುತ್ತಲೂ ಕಟುವಾದ ಕ್ಷಾರ ಹುಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಚರ್ಮ ಸುಡುತ್ತದೆ. ತಡವಾದರೆ ಎರಡು ಹೊಳ್ಳೆಗಳ ನಡುವಿನ ಗೋಡೆಗೇ ತೂತು ಬೀಳಬಹುದು. ಆ ಅನುಮಾನವಿದ್ದರೆ ಡ್ರಾಪ್ಸ್, ಉಪ್ಪುನೀರು ಏನೂ ಹಾಕಬೇಡಿ. ಒದ್ದೆಯಾದಷ್ಟೂ ಸುಡುವುದು ಜಾಸ್ತಿ. ಬೆಳಗಾಗಲಿ ಅಂತ ಸುಮ್ನೆ ಕೂರದೆ ಆ ರಾತ್ರಿಯೇ ಆಸ್ಪತ್ರೆಗೆ ಓಡಿ. ಎಕ್ಸ್‌ರೇಯಲ್ಲಿ ಸೆಲ್‌ನ ಅಂಚು ಎರಡು ಬಳೆಗಳಂತೆ, ಒಂದರೊಳಗೊಂದು ಕಾಣುತ್ತದೆ. ನಾಣ್ಯ ಹಾಗೆ ಕಾಣುವುದಿಲ್ಲ. ಎರಡೂ ಹೊಳ್ಳೆಗೆ ಒಂದೊಂದು ಅಯಸ್ಕಾಂತ ಹಾಕಿಕೊಂಡಿದ್ದರೂ ಅಷ್ಟೇ ಅವಸರ. ಅವು ಪರಸ್ಪರ ಸೆಳೆದು ನಡುವಿನ ಗೋಡೆಯನ್ನು ಹಿಸುಕುತ್ತವೆ.

ನಿಮ್ಮ ಮಗಳದು ಎರಡು ವಾರದ ತೊಂದರೆ, ಒಳಗೆ ಏನಿದೆಯೋ ಗೊತ್ತಿಲ್ಲ. ಇವತ್ತೇ ತೋರಿಸಿ. ಒಂದು ವಸ್ತು ಸಿಕ್ಕಿದ ಮೇಲೂ ಇನ್ನೊಂದು ಹೊಳ್ಳೆ ಮತ್ತು ಎರಡೂ ಕಿವಿ ನೋಡಲು ಕೇಳಿ.

ದೊಡ್ಡವರಿಗೂ ಒಂದು ಮಾತು. ಬಾಲ್ಯದಲ್ಲಿ ಹಾಕಿಕೊಂಡ ಬೀಜದ ಸುತ್ತ ವರ್ಷಗಟ್ಟಲೆ ಸುಣ್ಣದಂಥ ಲವಣ ಕೂತು ಮೂಗಿನಲ್ಲೇ ಕಲ್ಲಾಗುವುದುಂಟು. ದುರ್ಬೀನು ಹಾಕಿ, ಬೇಕಾದರೆ ಒಡೆದು ತೆಗೆಯುತ್ತಾರೆ. ಆದರೆ ದೊಡ್ಡವರಲ್ಲಿ ಒಂದೇ ಕಡೆ ಮೂಗು ಕಟ್ಟಿ ರಕ್ತವೂ ಬಂದರೆ ಗಡ್ಡೆ ಇದೆಯೇ ಎಂದು ನೋಡಿಸಲೇಬೇಕು.