ಅಡಿನಾಯ್ಡ್: 'ಮನಿ' ಅನ್ನೋದು 'ಬದಿ' ಆಗುವುದು ಯಾಕೆ?

ಕಿವಿ-ಮೂಗು-ಗಂಟಲು ಪೋಸ್ಟಿಂಗ್ ಈಗಷ್ಟೇ ಮುಗಿಸಿದ್ದೇನೆ. ಮುಂದಿನ ಬ್ಯಾಚಿನ ನರ್ಸಿಂಗ್ ಗೆಳೆಯರಿಗೆ ಬೇಕಾಗಬಹುದು ಅಂತ ಈ ಟಿಪ್ಪಣಿ. ಹುಬ್ಬಳ್ಳಿಯ ಓಪಿಡಿಯಲ್ಲಿ ತಾಯಂದಿರು ಹೇಳುವ ಮೊದಲ ಮಾತು, "ಬಾಯಿ ತಗದ ಮಲಗತಾನ್ರಿ, ಗೊರಕಿ ಹೊಡೀತಾನ್ರಿ." ಹಿಂದೆಯೇ ಇನ್ನೊಂದು ಬರುತ್ತದೆ: "ಕರದ್ರ ಓ ಅನ್ನಂಗಿಲ್ರಿ, ಸಾಲ್ಯಾಗ ಲಕ್ಷ್ಯನ ಇಲ್ಲಂತ." ನಾವು ಮೊದಲನೆಯದನ್ನು ಬರೆದುಕೊಂಡು ಎರಡನೆಯದನ್ನು ಬಿಡುತ್ತೇವೆ. ನಾವು ತಪ್ಪುವುದು ಅಲ್ಲೇ.

ಈ ಎರಡೂ ದೂರಿಗೆ ಕಾರಣವಾಗಬಲ್ಲ ಅಡಿನಾಯ್ಡ್ ಒಂದು ಮೆತ್ತನೆಯ ಮಾಂಸದ ಮುದ್ದೆ. ಅದು ಇರುವುದು ಮೂಗಿನ ಹಿಂದೆ, ಕಿರುನಾಲಿಗೆಗಿಂತ ಮೇಲೆ. ಅದಕ್ಕೇ ಬಾಯಿ ತೆರೆಸಿ ಟಾರ್ಚ್ ಬಿಟ್ಟರೂ ಕಾಣುವುದಿಲ್ಲ. ಟಾನ್ಸಿಲ್ ಜೊತೆ ಸೇರಿ ಗಂಟಲ ಸುತ್ತ ಕಾವಲಿರುವ ವಾಲ್ಡೇಯರ್ ಉಂಗುರದ ಒಂದು ಭಾಗ ಇದು. ಹುಟ್ಟಿನಿಂದಲೇ ಎಲ್ಲರಿಗೂ ಇರುತ್ತದೆ. 3ರಿಂದ 7 ವರ್ಷದೊಳಗೆ ದೊಡ್ಡದಾಗಿ, ಆಮೇಲೆ ತಾನೇ ಕುಗ್ಗುತ್ತದೆ. "ಮಾಂಸ ಬೆಳದೈತಿ" ಅಂದ ಕೂಡಲೇ ಮನೆಯವರು ಗಡ್ಡೆ ಅಂದುಕೊಂಡು ಹೆದರುತ್ತಾರೆ. ಅದು ಗಡ್ಡೆಯಲ್ಲ ಅಂತ ಮೊದಲು ಹೇಳಿ.

ಈಗ ಮಾತಿನ ವಿಷಯ. ಇದನ್ನು ಕಲಿಯಲು ನಮ್ಮ ವರ್ಣಮಾಲೆಗಿಂತ ಒಳ್ಳೆಯ ಪುಸ್ತಕ ಇಲ್ಲ. ಪ ವರ್ಗದಲ್ಲಿ ಬ ಮತ್ತು ಮ ಎರಡಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಮ ಅನ್ನುವಾಗ ಮಾತ್ರ ಗಾಳಿ ಮೂಗಿಗೆ ಹೋಗಬೇಕು. ದಾರಿ ಕಟ್ಟಿದ್ದರೆ ಮ ಹೋಗಿ ಬ ಆಗುತ್ತದೆ, ನ ಹೋಗಿ ದ ಆಗುತ್ತದೆ. 'ಮನಿ' ಅನ್ನೋದು 'ಬದಿ' ಅಂತ ಕೇಳಿಸುತ್ತದೆ. ನಮ್ಮ ಕಡೆ ಮಕ್ಕಳು 'ಅವ್ವಾ' ಅಂತ ಕರೆಯುತ್ತಾರೆ, ಅದರಲ್ಲಿ ಮೂಗಿನ ಅಕ್ಷರವೇ ಇಲ್ಲ, ಹಾಗಾಗಿ ಮನೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. 'ಮಾಮಾನ ಮನಿ' ಅನ್ನಿಸಿ ನೋಡಿ. ಆಮೇಲೆ ತಣ್ಣನೆಯ ಸ್ಟೀಲ್ ಚಮಚ ಮೂಗಿನ ಕೆಳಗೆ ಹಿಡಿಯಿರಿ. ಎರಡೂ ಹೊಳ್ಳೆಯ ಕೆಳಗೆ ಆವಿ ಕಟ್ಟಬೇಕು. ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತಿದ್ದರೆ ಅಡಿನಾಯ್ಡ್ ಮರೆತು, ಒಳಗೆ ಶೇಂಗಾ ಕಾಳೋ ಮಣಿಯೋ ಸಿಕ್ಕಿದೆಯಾ ಅಂತ ಯೋಚಿಸಿ.

ಕಿವಿಯ ಕಥೆ ಇನ್ನೂ ಮುಖ್ಯ. ಅಡಿನಾಯ್ಡ್ ಪಕ್ಕದಲ್ಲೇ ಯುಸ್ಟೇಶಿಯನ್ ನಳಿಕೆಯ ಬಾಯಿ ಇದೆ. ನಡುಗಿವಿಗೆ ಗಾಳಿ ಹೋಗುವುದು ಅದರಿಂದಲೇ. ಅದು ಕಟ್ಟಿದರೆ ಕಿವಿಪರದೆಯ ಹಿಂದೆ ಅಂಟು ನೀರು ತುಂಬುತ್ತದೆ. ನೋವು ಇರುವುದಿಲ್ಲ, ಕಿವಿ ಸೋರುವುದೂ ಇಲ್ಲ. ಮಗುವಿಗೆ ಸ್ವಲ್ಪ ಮಂದ ಕೇಳಿಸುತ್ತದೆ, ಅಷ್ಟೇ. ನನ್ನ ಅಕ್ಕನ ಮಗ ಎರಡನೇ ತರಗತಿಯಲ್ಲಿ ಹಿಂದಿನ ಬೆಂಚಲ್ಲಿ ಕೂತು, ವರ್ಷವಿಡೀ ದಡ್ಡ ಅನ್ನಿಸಿಕೊಂಡ. ಟಿಂಪನೋಮೆಟ್ರಿ (ಕಿವಿಪರದೆ ಎಷ್ಟು ಅಲುಗುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿದಾಗ ಎರಡೂ ಕಿವಿಯಲ್ಲಿ ಗೆರೆ ಚಪ್ಪಟೆ ಬಂತು. ಅದಕ್ಕೆ ಬಿ ಟೈಪ್ ಅಂತ ಹೆಸರು. ಅವನು ತಿಂದ ಬೈಗುಳ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. 1868ರಲ್ಲಿ ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ ಅಡಿನಾಯ್ಡ್ ಕಾಯಿಲೆಯನ್ನು ಬಿಡಿಸಿ ಬರೆದಾಗಲೇ ಕಿವಿ ಮಂದವಾಗುವುದನ್ನೂ ಗುರುತಿಸಿದ್ದರು.

ಪರೀಕ್ಷೆಗೆ ಪಕ್ಕದಿಂದ ತೆಗೆದ ಕತ್ತಿನ ಎಕ್ಸ್‌ರೇ ಸಾಕಾಗುತ್ತದೆ. ಮಗು ಸಹಕರಿಸಿದರೆ ಎಂಡೋಸ್ಕೋಪಿ ಇನ್ನೂ ಒಳ್ಳೆಯದು. ಹದಿಹರೆಯದ ಹುಡುಗನಿಗೆ ಮೂಗು ಕಟ್ಟಿ, ಪದೇ ಪದೇ ಮೂಗಿನಿಂದ ರಕ್ತ ಬರುತ್ತಿದ್ದರೆ ಅದು ಆಂಜಿಯೋಫೈಬ್ರೋಮಾ (ರಕ್ತನಾಳ ತುಂಬಿದ ಗಡ್ಡೆ) ಇರಬಹುದು. ಹಾಗಾಗಿ ಆ ವಯಸ್ಸಲ್ಲಿ ಸುಮ್ನೆ ಅಡಿನಾಯ್ಡ್ ಅಂದುಬಿಡಬಾರದು.

ತೊಂದರೆ ಕಡಿಮೆ ಇದ್ದರೆ ಉಪ್ಪುನೀರಿನ ಹನಿ, ಮೊಮೆಟಾಸೋನ್‌ನಂಥ ಮೂಗಿನ ಸ್ಪ್ರೇ. ಸ್ಪ್ರೇಯನ್ನು ಕೆಲವು ವಾರ ತಪ್ಪದೆ ಹೊಡೆಯಬೇಕು. ತುದಿ ನಡುಗೋಡೆಯ ಕಡೆ ಇರದೆ ಹೊರಗೆ, ಕಣ್ಣಿನ ಕಡೆ ಇರಲಿ. ಅಲರ್ಜಿಯ ಔಷಧ ಮಾಂಟೆಲುಕಾಸ್ಟ್ ಕೊಟ್ಟಿದ್ದರೆ ಕೆಟ್ಟ ಕನಸು, ಸಿಟ್ಟು ಜಾಸ್ತಿ ಆಗಿದೆಯಾ ಕೇಳಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ, ಇಲ್ಲವೇ ಕಿವಿಯ ನೀರು 3 ತಿಂಗಳಾದರೂ ಇಳಿಯದೆ ಕೇಳುವುದು ಮಂದವಾಗಿಯೇ ಇದ್ದರೆ ಆಪರೇಷನ್ ಮಾತು ಬರುತ್ತದೆ. ಆಗ ಕಿವಿಗೆ ಗ್ರೊಮೆಟ್ (ಪರದೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಕೂಡ ಹಾಕಬಹುದು. ಮೊದಲು ಕಿರುನಾಲಿಗೆ ಸೀಳಿದೆಯಾ ನೋಡಲೇಬೇಕು. ಅದು ಅಂಗುಳಿನ ಒಳಗೆ ಮರೆಯಾದ ಸೀಳಿನ ಗುರುತಾಗಿರಬಹುದು. ಅಂಥ ಸೀಳಿದ್ದು ಅಡಿನಾಯ್ಡ್ ತೆಗೆದರೆ ಉಲ್ಟಾ ಆಗುತ್ತದೆ: ಎಲ್ಲ ಅಕ್ಷರದಲ್ಲೂ ಗಾಳಿ ಮೂಗಿಗೆ ನುಗ್ಗಿ, ಬ ಅನ್ನೋದು ಮ ಥರ ಕೇಳಿಸುತ್ತದೆ.

ಆಪರೇಷನ್ ಆದ ರಾತ್ರಿ ನಮ್ಮ ಕೆಲಸ ಜಾಸ್ತಿ. ಮಗು ನಿದ್ದೆಯಲ್ಲೇ ಪದೇ ಪದೇ ನುಂಗುತ್ತಿದ್ದರೆ ಅದು ರಕ್ತ ನುಂಗುತ್ತಿರಬಹುದು. ನಾಡಿ ನೋಡಿ, ಕೂಡಲೇ ಡಾಕ್ಟರನ್ನು ಕರೆಯಿರಿ. 5ರಿಂದ 10 ದಿನದ ನಡುವೆ ಸೋಂಕಿನಿಂದ ಮತ್ತೆ ರಕ್ತ ಬರಬಹುದು, ಆಗ ಮಗು ಊರಲ್ಲಿರುತ್ತದೆ ಅಲ್ವಾ. ಆದ್ದರಿಂದ ಹಾನಗಲ್ ಕಡೆಯವರೋ ರೋಣದ ಕಡೆಯವರೋ ಆಗಿದ್ದರೆ, ರಾತ್ರಿ ಹೊತ್ತು ಯಾವ ಆಸ್ಪತ್ರೆ ಹತ್ತಿರ, ಗಾಡಿ ಯಾರದು ಅಂತ ಡಿಸ್ಚಾರ್ಜ್‌ಗೆ ಮೊದಲೇ ಕೇಳಿ, ಚೀಟಿಯ ಮೇಲೆ 108 ಅಂತ ದೊಡ್ಡದಾಗಿ ಬರೆದು ಕೊಡಿ.