ಕರಿಮೀನು

ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸಿದ ಕೇರಳದ ಖಾದ್ಯದಿಂದಲೇ ಹಲವರಿಗೆ ಕರಿಮೀನಿನ ಪರಿಚಯ. ಅಗಲವಾದ ಚಪ್ಪಟೆ ಮೈ, ಬೆನ್ನಿಂದ ಹೊಟ್ಟೆಗಿಳಿಯುವ ಕಪ್ಪು ಪಟ್ಟೆಗಳು, ಹುರುಪೆಗಳ ಮೇಲೆ ಮುತ್ತಿನಂಥ ಚುಕ್ಕೆ. ವೈಜ್ಞಾನಿಕ ಹೆಸರು ಎಟ್ರೋಪ್ಲಸ್ ಸುರಾಟೆನ್ಸಿಸ್. ಕೇರಳ 2010ರಲ್ಲಿ ಇದನ್ನು ರಾಜ್ಯ ಮೀನೆಂದು ಘೋಷಿಸಿತು.

ಅಳಿವೆ, ಹಿನ್ನೀರು, ನದಿಯ ಕೆಳಹರಿವು ಇದರ ನೆಲೆ. ಪಾಚಿ, ಕೊಳೆತ ಎಲೆ, ಸಣ್ಣ ಹುಳು ತಿಂದು ಬದುಕುತ್ತದೆ. ನೀರಿನ ಉಪ್ಪು ನಿಧಾನವಾಗಿ ಏರಿಳಿದರೆ ತಾಳಿಕೊಳ್ಳುತ್ತದೆ, ಸಿಹಿನೀರಿನ ಕೆರೆಯಲ್ಲೂ ಮರಿ ಮಾಡುತ್ತದೆ. ಇಷ್ಟು ಗಟ್ಟಿ ಮೀನು ಸೋಲುವುದು ಮೊಟ್ಟೆಯಿಡುವ ಜಾಗದಲ್ಲಿ.

ಗಂಡು ಹೆಣ್ಣು ಜೋಡಿಯಾಗಿ ದಡದ ಆಳವಿಲ್ಲದ ನೀರಿನಲ್ಲಿ ಕಲ್ಲು, ಮರದ ಬೇರು, ಮುಳುಗಿದ ತೆಂಗಿನ ಮಡಲು ಹುಡುಕುತ್ತವೆ. ಅದರ ಮೇಲಿನ ಪಾಚಿಯನ್ನು ಬಾಯಿಂದ ಕಿತ್ತು ಸ್ವಚ್ಛಗೊಳಿಸಿ, ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತವೆ. ಬೇರೆ ಮೀನುಗಳಂತೆ ಲಕ್ಷಗಟ್ಟಲೆ ಅಲ್ಲ, ಕೆಲವು ನೂರರಿಂದ ಒಂದೆರಡು ಸಾವಿರ ಮಾತ್ರ. ಮೂರ್ನಾಲ್ಕು ದಿನ ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತ ಕಾಯುತ್ತವೆ. ಒಡೆದ ಮರಿಗಳನ್ನು ತಳದಲ್ಲಿ ತೋಡಿದ ಕುಳಿಗಳಿಗೆ ಬಾಯಲ್ಲಿ ಸಾಗಿಸುತ್ತವೆ. ಆಮೇಲೂ ವಾರಗಟ್ಟಲೆ ಮರಿಹಿಂಡಿನ ಜೊತೆಗೇ ಇರುತ್ತವೆ.

ಮರಳು ತೆಗೆಯುವಾಗ ಏಳುವ ಹೂಳು ಮೊಟ್ಟೆಗಳ ಮೇಲೆ ಕೂರುತ್ತದೆ. ಗಾಳಿ ಸಿಗದೆ ಅವು ಸಾಯುತ್ತವೆ, ಬೂಸ್ಟು ಹಿಡಿಯುತ್ತದೆ. ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ಉಪ್ಪುನೀರಿನ ದಡದಲ್ಲಿ ಬೆಳೆಯುವ ಕಾಂಡ್ಲಾ ಮರಗಳನ್ನು ಕಡಿದರೆ ಬೇರುಗಳೂ ಇಲ್ಲ, ತಗ್ಗು ನೀರೂ ಇಲ್ಲ. ಕೇರಳದ ವೆಂಬನಾಡ್ ಹಿನ್ನೀರಿನಲ್ಲಿ, ಪಕ್ಕದ ಕುಟ್ಟನಾಡಿನ ತಗ್ಗು ಗದ್ದೆಗಳಿಗೆ ಉಪ್ಪುನೀರು ನುಗ್ಗದಿರಲೆಂದು ತಣ್ಣೀರ್‌ಮುಕ್ಕಂ ಬಂಡ್ ಎಂಬ ಅಡ್ಡಗಟ್ಟೆ ಕಟ್ಟಲಾಗಿದೆ. ಬೇಸಿಗೆಯಲ್ಲಿ ಅದರ ಬಾಗಿಲು ಮುಚ್ಚಿದಾಗ ಹರಿವು ನಿಂತು ಗದ್ದೆಯ ಕೀಟನಾಶಕ ಅಲ್ಲೇ ಉಳಿಯುತ್ತದೆ. ಉಪ್ಪು ತಾಗಿದರೆ ಸಾಯುವ ಜಲಕಳೆ ಒಳಭಾಗವನ್ನೆಲ್ಲ ಮುಚ್ಚುತ್ತದೆ. ನಾರಿಗಾಗಿ ತೆಂಗಿನ ಸಿಪ್ಪೆ ಕೊಳೆಹಾಕುವ ಕಡೆಗಳಲ್ಲಿ ನೀರಿನ ಆಮ್ಲಜನಕ ಕುಸಿದು ತಳವೆಲ್ಲ ನಾರುತ್ತದೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಅದೇ ಪಾಚಿಗೂ ಅದೇ ದಡಕ್ಕೂ ಪೈಪೋಟಿ ಕೊಡುತ್ತದೆ. ತಾಯಿಯ ಬಾಯೊಳಗೇ ಅದರ ಮೊಟ್ಟೆಗಳು ಬೆಳೆಯುವುದರಿಂದ ಹೂಳಿನ ಕಾಟ ಅದಕ್ಕೆ ಕಡಿಮೆ.

ಕರ್ನಾಟಕಕ್ಕೂ ಇದೇ ಕುಲದ ಸ್ವಂತ ಮೀನೊಂದಿದೆ: ಎಟ್ರೋಪ್ಲಸ್ ಕೆನರೆನ್ಸಿಸ್. ನೇತ್ರಾವತಿ, ಕುಮಾರಧಾರಾ ಹೊಳೆಗಳ ಸಿಹಿನೀರೇ ಅದರ ನೆಲೆ. ಮರಳುಗಾರಿಕೆಯ ಚರ್ಚೆಯಲ್ಲಿ ಅದರ ಹೆಸರು ಬರುವುದೇ ಅಪರೂಪ, ಬರಲೇಬೇಕು.

ಹಿಡಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಗೂಡು ಕಾಯುವ ಜೋಡಿ ಸುಲಭವಾಗಿ ಜಾಗ ಬಿಟ್ಟು ಓಡುವುದಿಲ್ಲ, ಆದ್ದರಿಂದ ಸುಲಭವಾಗಿ ಸಿಗುತ್ತದೆ. ಅದನ್ನು ಹಿಡಿದರೆ ಮೊಟ್ಟೆಗಳನ್ನು ಬೇರೆ ಮೀನುಗಳು ಬೇಗನೆ ತಿಂದು ಮುಗಿಸುತ್ತವೆ. ದಡದಲ್ಲಿ ಮರಿಹಿಂಡು ಕಂಡ ಕಡೆ ಬಲೆ ಬೀಸಬಾರದು, ಸಣ್ಣ ಕಣ್ಣಿನ ಬಲೆಯಂತೂ ಬೇಡವೇ ಬೇಡ. ದಡ ಬೋಳಾಗಿದ್ದರೆ ತಗ್ಗು ನೀರಿನಲ್ಲಿ ಮುರಕಲ್ಲು, ಬಿದಿರು, ಮರದ ಕೊಂಬೆಗಳನ್ನು ಇಳಿಸಿ, ಆ ಜಾಗವನ್ನು ಮೀನುಗಾರರೇ ಸೇರಿ ಬಲೆಯಿಂದ ಹೊರಗಿಡಬಹುದು.