ಪದ ಪರಿಚಯ: ಥರ್ಮಲ್ ರನ್‌ಅವೇ

ಚಿಕ್ಕಮಗಳೂರಿನ ನಮ್ಮ ಪಕ್ಕದ ಮನೆಯ ಅಕ್ಕ ದುಬೈಯಲ್ಲಿರುವ ಮಗನ ಮನೆಗೆ ಹೊರಟಿದ್ದರು. ಸೂಟ್‌ಕೇಸಿನಲ್ಲಿ ಕಾಫಿಪುಡಿ, ಹಪ್ಪಳ, ಅವುಗಳ ನಡುವೆ ಟವೆಲ್ಲಿನಲ್ಲಿ ಸುತ್ತಿದ ಪವರ್ ಬ್ಯಾಂಕ್. ‘ಅದು ಕೈಚೀಲದಲ್ಲಿ ಇರ್ಲಿ ಅಕ್ಕ’ ಅಂದೆ. ‘ಬೆಂಕಿ ಹತ್ತೋದಾದ್ರೆ ನನ್ನ ಪಕ್ಕದಲ್ಲೇ ಯಾಕಪ್ಪಾ ಇಟ್ಕೋಬೇಕು?’ ಅಂದರು. ಸರಿಯಾದ ಪ್ರಶ್ನೆ.

ಒದ್ದೆ ಹುಲ್ಲಿನ ಬಣವೆಯೊಳಗೆ ಕೈ ತೂರಿಸಿದವರಿಗೆ ಗೊತ್ತು, ಹೊರಗೆ ತಣ್ಣಗಿದ್ದರೂ ಒಳಗೆ ಕಾವು ಹಿಡಿದಿರುತ್ತದೆ. ಹೊರಬೀಳಲು ದಾರಿಯಿಲ್ಲದ ಕಾವು ಮತ್ತಷ್ಟು ಕಾವು ಹುಟ್ಟಿಸುತ್ತದೆ. ಬಣವೆಯಲ್ಲಿ ದಿನಗಟ್ಟಲೆ ಆಗುವ ಈ ಕೆಲಸ ಲಿಥಿಯಂ ಬ್ಯಾಟರಿಯಲ್ಲಿ ಕೆಲವೇ ಕ್ಷಣಗಳಲ್ಲಿ ಆದರೆ ಅದೇ ಥರ್ಮಲ್ ರನ್‌ಅವೇ. ನಾನು ‘ಕೈಮೀರಿದ ಕಾವು’ ಅನ್ನುತ್ತೇನೆ. ಬೆಂಕಿ ಕಾಣಿಸುವುದು ಆಮೇಲೆ.

ಬ್ಯಾಟರಿಯ ಒಂದೊಂದು ಸೆಲ್ಲಿನೊಳಗೆ ಎರಡು ಧ್ರುವಗಳನ್ನು ಬೇರೆಯಾಗಿ ಇಟ್ಟಿರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಬ್ಯಾಟರಿ ಜಜ್ಜಿಹೋದರೆ, ಅತಿಯಾಗಿ ಚಾರ್ಜ್ ಆದರೆ, ತಯಾರಿಸುವಾಗಲೇ ಲೋಹದ ಕಣವೊಂದು ಸೇರಿಕೊಂಡಿದ್ದರೆ ಹಾಳೆ ತೂತಾಗಿ ಒಳಗೇ ಶಾರ್ಟ್ ಆಗುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಹಾಳೆಯೇ ಕರಗತೊಡಗುತ್ತದೆ. ಒಳಗಿನ ದ್ರಾವಣ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಸಾಲದ್ದಕ್ಕೆ, ಕಾದ ಕ್ಯಾಥೋಡ್ (ಧನ ಧ್ರುವ) ತಾನೇ ಆಮ್ಲಜನಕ ಬಿಡುತ್ತದೆ. ಒಂದು ಸೆಲ್ಲಿನ ಕಾವು ಪಕ್ಕದ್ದಕ್ಕೆ ದಾಟುತ್ತದೆ.

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿದೆ. ವಿಮಾನದಲ್ಲಿ ಲಗೇಜು ತುಂಬುವ ಕೆಳಭಾಗದಲ್ಲಿ ಬೆಂಕಿ ಆರಿಸಲು ಇರುವುದು ಹ್ಯಾಲಾನ್ ಅನಿಲ. ಅದು ಜ್ವಾಲೆಯನ್ನು ಅಡಗಿಸೀತು, ಸೆಲ್ಲಿನ ಕಾವನ್ನು ಇಳಿಸದು. ಅಲ್ಲಿಗೆ ಹೋಗಿ ನೋಡುವವರೂ ಇಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ, ಯುಪಿಎಸ್ ಎಂಬ ಅಮೆರಿಕದ ಸಾಗಣೆ ಕಂಪನಿಯ ಸರಕು ವಿಮಾನದಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಬೆಂಕಿ ಬಿದ್ದು ವಿಮಾನ ನೆಲಕ್ಕಪ್ಪಳಿಸಿತು, ಇಬ್ಬರು ಪೈಲಟ್‌ಗಳು ತೀರಿಕೊಂಡರು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನಗಳಲ್ಲಿ ಬಿಡಿ (ಯಾವ ಸಾಧನದ ಜೊತೆಗೂ ಇಲ್ಲದ) ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸುವುದಕ್ಕೆ ನಿಷೇಧ ಬಂತು.

ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ಓಡಿಬರುತ್ತಾರೆ. ಜ್ವಾಲೆ ಆರಿಸಿ, ಮೇಲಿಂದ ನೀರು ಸುರಿಯುತ್ತಲೇ ಇರುತ್ತಾರೆ, ಯಾಕೆಂದರೆ ತಣಿಸದಿದ್ದರೆ ಆರಿದ್ದು ಮತ್ತೆ ಹತ್ತುತ್ತದೆ.

ಅಕ್ಕನ ಪವರ್ ಬ್ಯಾಂಕನ್ನು ತಿರುಗಿಸಿ ನೋಡಿದೆ. 20,000 ಎಂಎಎಚ್, 3.7 ವೋಲ್ಟ್. ಲೆಕ್ಕ ಹಾಕಿದರೆ ಅದರಲ್ಲಿ ಹಿಡಿಯುವ ಶಕ್ತಿ 74 ವ್ಯಾಟ್-ಅವರ್, ವಿಮಾನದಲ್ಲಿ ಒಯ್ಯಲು ಇರುವ 100ರ ಮಿತಿಯೊಳಗೆ. ಮೇಜಿನ ಮೇಲಿಟ್ಟೆ, ಅಲುಗಾಡದೆ ಕೂತಿತು. ಊದಿಕೊಂಡಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ ಅನ್ನುತ್ತಿದ್ದೆ.

ಇನ್ನೊಂದು ಮಾತನ್ನೂ ಹೇಳಿ ಕಳಿಸಿದೆ: ಫೋನು ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ, ಫೋನು ಜಜ್ಜಿಹೋಗುತ್ತದೆ. ಸಿಬ್ಬಂದಿಯನ್ನು ಕರೆಯಿರಿ.